ಸೋಫಾ ಜನ

ಮೇ 18, ಭಾನುವಾರ

ಕೂಲರಿಗೆ ನೀರು ತುಂಬಿಸಿದೆ. ಪೇಪರ್ ಓದಿದೆ. ಸೆಕೆಗೆ ಬೈದೆ. ಭಾನುವಾರದ ಕರ್ತವ್ಯಗಳು ಇಲ್ಲಿಗೆ ಮುಗಿಯಬೇಕಿತ್ತು.

ಮಗಳು ರೂಮಿನಿಂದ ಹೊರಗೆ ಬಂದಳು. ನಮ್ಮ ಮನೆಯಲ್ಲಿ ಇದೇ ಒಂದು ವಾರ್ತೆ. ಹತ್ತನೇ ಕ್ಲಾಸು ಚೆನ್ನಾಗಿ ಪಾಸಾದರೆ ಗೇಮ್ ಆಡುವ ಮಷೀನು ಕೊಡಿಸುತ್ತೇನೆ ಎಂದಿದ್ದೆ. ಪಾಸಾಗಿದ್ದಾಳೆ, ಅದೂ ತಕರಾರು ತೆಗೆಯಲು ನನಗೊಂದು ಸಂದಿಯನ್ನೂ ಬಿಡದಂತೆ.

"ಪಪ್ಪಾ, ಪ್ರಾಮಿಸ್ ಯಾದ್ ಹೈ ನಾ?"

"ನೆನಪಿದೆ ಧಾರಿಣಿ. ಕನ್ಸೋಲ್ ತಾನೆ? ಹೊಸದು ಬಂದಿದೆಯಂತೆ."

"ಕನ್ಸೋಲ್ ನಹೀ. ಪಿಸಿ. ಗೇಮಿಂಗ್ ಪಿಸಿ."

"ಎರಡಕ್ಕೂ ವ್ಯತ್ಯಾಸ ಏನು?"

ಒಂದು ನೋಟ ನೋಡಿದಳು. ದಿಲ್ಲಿಯ ನಮ್ಮ ಸಚಿವಾಲಯದಲ್ಲಿ ಆ ನೋಟವನ್ನು ಕಾರ್ಯದರ್ಶಿಗಳು ಮಾತ್ರ ಬಳಸುತ್ತಾರೆ. ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಮೇ 20

ಇಡೀ ಮಧ್ಯಾಹ್ನ ಆಫೀಸಿನಲ್ಲಿ ಇದೇ ಅಧ್ಯಯನ. ಹೊಸ ಕನ್ಸೋಲುಗಳು ದುಬಾರಿ ಪಿಸಿಗಳಿಗೆ ಸಾಟಿಯಾಗಬಲ್ಲವೇ? ಜಗತ್ತು ಎರಡು ಪಕ್ಷವಾಗಿ ಒಡೆದಿದೆ. ವಿಡಿಯೋಗಳಲ್ಲಿ ಗಡ್ಡದ ಹುಡುಗರು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಒಂದು ಕೊಚ್ಚೆಗುಂಡಿಯಲ್ಲಿ ಬೆಳಕು ಹೇಗೆ ಬಿದ್ದಿದೆ ಎಂದು ಹೋಲಿಸುತ್ತಾರೆ. ನನಗೆ ಎರಡರಲ್ಲೂ ಕೊಚ್ಚೆಯೇ ಕಂಡಿತು.

ಯಾರೂ ಓದದ ಪುಸ್ತಕವಾದ್ದರಿಂದ ನಿಜ ಬರೆಯುತ್ತೇನೆ. ನನಗೆ ಫ್ರೇಮೂ ಬೇಡ, ಗ್ರಾಫಿಕ್ಸೂ ಬೇಡ. ಕನ್ಸೋಲನ್ನು ಟೀವಿಗೆ ಸಿಕ್ಕಿಸುತ್ತಾರೆ. ಟೀವಿ ಹಾಲ್‌ನಲ್ಲಿದೆ. ಹಾಲ್‌ನಲ್ಲಿ ಸೋಫಾ ಇದೆ. ಸೋಫಾದಲ್ಲಿ ನಾನಿದ್ದೇನೆ. ಪಿಸಿಯಾದರೆ ಅವಳ ಮೇಜಿನ ಮೇಲೆ. ಮೇಜು ರೂಮಿನಲ್ಲಿ. ರೂಮಿಗೆ ಬಾಗಿಲು. ಬಾಗಿಲಿನ ಆಚೆ ನಾನು.

ಒಂದು ವರ್ಷದಿಂದ ಅವಳು ನನ್ನೊಡನೆ ಆಡಿದ ಮಾತುಗಳೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುತ್ತವೆ — ವೈಫೈ, ಚಾರ್ಜರ್, ಓಕೆ, ನಾಕ್ ಕರೋ ನಾ. ಅವುಗಳಲ್ಲಿ ಕನ್ನಡದ ಪದ ಒಂದೂ ಇಲ್ಲ. ನಾನೋ, ಕನ್ನಡ ಸಂಘದ ಪತ್ರಿಕೆಗೆ ತಿಂಗಳಿಗೊಂದು ನಗೆಬರಹ ಬರೆದು ದಿಲ್ಲಿಯ ಕನ್ನಡಿಗರನ್ನೆಲ್ಲ ನಗಿಸುವವನು. ಎಲ್ಲರೂ ಹಾಗೆ ಹೇಳುತ್ತಾರೆ. ಎಲ್ಲರಿಗೂ ವಯಸ್ಸಾಗಿದೆ.

ಆದ್ದರಿಂದ ತೀರ್ಮಾನ: ಕನ್ಸೋಲೇ ಶ್ರೇಷ್ಠ. ಈಗ ಕಾರಣಗಳನ್ನು ಹುಡುಕಬೇಕು. ಇಲಾಖೆಯಲ್ಲಿ ನಾವು ಯಾವಾಗಲೂ ಕೆಲಸ ಮಾಡುವುದು ಇದೇ ಕ್ರಮದಲ್ಲಿ.

ಮೇ 24, ಶನಿವಾರ

ಗುರುಗ್ರಾಮಕ್ಕೆ ಹೋಗಿ ಬಂದೆ. ನನ್ನ ಹೆಂಡತಿ ಪದ್ಮಾಳ ಚಿಕ್ಕಮ್ಮನ ಮಗ ಆದರ್ಶ್ ಅಲ್ಲಿ ಐಟಿ ಕೆಲಸದಲ್ಲಿದ್ದಾನೆ. ಅವನ ಮನೆಯಲ್ಲಿ ಎರಡೂ ಇವೆ, ಹೆಂಡತಿ ಇಲ್ಲ.

"ಭಾವ, ಹೊಸ ಕನ್ಸೋಲ್ ಅಂದ್ರೆ ಸುಮ್ನೆ ಅಲ್ಲ. ಸೋಫಾದಲ್ಲಿ ಕೂತು ನೋಡಿದ್ರೆ ದುಬಾರಿ ಪಿಸಿಗೂ ಇದಕ್ಕೂ ದೇವರಾಣೆ ಡಿಫರೆನ್ಸ್ ಗೊತ್ತಾಗಲ್ಲ."

"ಹತ್ತಿರ ಕೂತರೆ?"

"ಹತ್ತಿರ ಕೂತ್ರೆ ಗೊತ್ತಾಗುತ್ತೆ. ಮತ್ತೆ ಪಿಸೀಲಿ ಕಾರ್ಡ್ ಹಳೇದಾದ್ರೆ ಬಿಚ್ಚಿ ಹೊಸದು ಹಾಕ್ಬಹುದು. ಇದ್ರಲ್ಲಿ ಏನೂ ಬಿಚ್ಚಕ್ಕಾಗಲ್ಲ. ಬಂದಿದ್ದು ಬಂದ ಹಾಗೇ ಇಟ್ಕೋಬೇಕು."

"ಮದುವೆ ಥರ."

"ಅಕ್ಕಂಗೆ ಫೋನ್ ಮಾಡ್ಲಾ?"

ಕಂಟ್ರೋಲರ್ ಕೈಗೆ ಕೊಟ್ಟ. ಎರಡು ಹೆಬ್ಬೆರಳಿಗೆ ಎರಡು ಕಡ್ಡಿ. ಒಂದು ನಡೆಯಲು, ಇನ್ನೊಂದು ನೋಡಲು. ಇಷ್ಟು ದಿನ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದೆ ಎಂಬ ಭ್ರಮೆ ಇತ್ತು. ಆಕಾಶ ನೋಡುತ್ತಾ ಬೆಟ್ಟದಿಂದ ಬಿದ್ದೆ. ಎದ್ದು, ನನ್ನದೇ ಪಾದ ನೋಡುತ್ತಾ ಮತ್ತೆ ಬಿದ್ದೆ. ಆದರ್ಶ್ ಸೋಫಾದ ಮೇಲೆ ಹೊರಳಾಡಿ ನಕ್ಕ. ನನಗೂ ನಗು ಬಂತು. ಧಾರಿಣಿ ಪಕ್ಕದಲ್ಲಿದ್ದಿದ್ದರೆ ಅವಳೂ ಹೀಗೆ ನಗುತ್ತಿದ್ದಳು... ಬೀಳಲು ನಾನು ದಿನಾ ತಯಾರು.

ಸಂಜೆ ವರದಿ ಒಪ್ಪಿಸಿದೆ. ಸೋಫಾದಿಂದ ನೋಡಿದರೆ ಎರಡೂ ಒಂದೇ ಎಂದೆ.

"ಪಪ್ಪಾ, ಕನ್ಸೋಲ್ ಈಸ್ ಫಾರ್ ಸೋಫಾ ಪೀಪಲ್. ಮೇರೀ ಟೀಮ್ ಮೇ ಸಬ್ ಪಿಸಿ ಪೇ ಹೈ. ವಿದೌಟ್ ಕೀಬೋರ್ಡ್-ಮೌಸ್ ಐ ವಿಲ್ ಡೈ ಇನ್ ಟೂ ಸೆಕೆಂಡ್ಸ್."

ಸೋಫಾ ಜನ! ನಾನು ಹುಟ್ಟಿದ ಜನಾಂಗಕ್ಕೆ ಇಷ್ಟು ದಿನ ಹೆಸರಿರಲಿಲ್ಲ.

ಮೇ 31, ಶನಿವಾರ

ನೆಹರೂ ಪ್ಲೇಸ್, ದಿಲ್ಲಿಯ ಕಂಪ್ಯೂಟರ್ ಸಂತೆ. ಕೊಳ್ಳಲು ಹೋದದ್ದಲ್ಲ. ಪಿಸಿಯ ಬೆಲೆ ಬಾಯಿಬಿಟ್ಟು ಹೇಳಿಸಿಕೊಂಡು ಬಂದು, ಆ ಮೊತ್ತದಿಂದಲೇ ಮಗಳನ್ನು ಹೆದರಿಸುವ ಉಪಾಯ.

ಅಂಗಡಿಯವರು ಖುರಾನಾ ಎಂಬ ಸರದಾರರಂಥ ಗಾತ್ರದ, ಸಕ್ಕರೆಯಂಥ ಮಾತಿನ ಮನುಷ್ಯ. ಟೀ ತರಿಸಿದರು. ಕಾರ್ಡು, ಕ್ಯಾಬಿನೆಟ್ಟು, ಪಂಖಾ ಎಲ್ಲ ತೋರಿಸಿದರು. ಒಂದೊಂದಕ್ಕೂ "ಅಚ್ಛಾ, ಅಚ್ಛಾ" ಎಂದೆ. ಟೀ ಕುಡಿದವನು ಇನ್ನೇನು ಹೇಳಬೇಕು? ಬೆಲೆ ಹೇಳಿದರು. ಇಲ್ಲಿ ಬರೆಯುವುದಿಲ್ಲ. ಕಾಗದಕ್ಕೆ ಬೇರೆ ಶಿಕ್ಷೆ ಯಾಕೆ. ಫೋನ್ ನಂಬರ್ ಕೇಳಿದರು, ಕೊಟ್ಟೆ. ಎದ್ದು, ಕೈಮುಗಿದು, "ಚಲೋ ಜೀ, ಮೈ ಆತಾ ಹೂಂ" ಎಂದು ಹೊರಟು ಬಂದೆ.

ಬಹಳ ಒಳ್ಳೆಯ ಮನುಷ್ಯ.

ಜೂನ್ 3, ಬೆಳಿಗ್ಗೆ

ಖುರಾನಾ ಫೋನು. "ಸರ್ ಜೀ, ಮಾಲ್ ತಯಾರ್ ಹೈ. ಆಪ್ ಆಯೇ ನಹೀ?"

ಯಾವ ಮಾಲು? ಯಾಕೆ ಬರಬೇಕು?

"ಆಪ್ ನೇ ಬೋಲಾ ಥಾ ನಾ, ಆತಾ ಹೂಂ!"

ಆಗ ಹೊಳೆಯಿತು. ಯಾರ ಮನೆಯಿಂದ ಏಳುವಾಗಲೂ ನಾವು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ಅದನ್ನೇ ಹಿಂದಿಗೆ ಇಳಿಸಿದ್ದೇನೆ. ನಾನು ದುಡ್ಡು ತರಲು ಹೋಗಿದ್ದೇನೆ ಎಂದು ಆತ ತಿಳಿದು ಡಬ್ಬಗಳ ಸೀಲು ಒಡೆದು, ಪೂರ್ತಿ ಮಷೀನು ಜೋಡಿಸಿ ಕೂತಿದ್ದಾನೆ.

ವಿವರಿಸಲು ಹೋದೆ. ನಮ್ಮ ಭಾಷೆಯಲ್ಲಿ ಬರುತ್ತೇನೆ ಎಂದರೆ ಹೋಗುತ್ತೇನೆ ಎಂದರ್ಥ, ಎಂದೆ.

ಅತ್ತ ಕಡೆಯಿಂದ, ಹುಚ್ಚರೊಡನೆ ಮಾತಾಡುವ ಮೃದುತ್ವದಲ್ಲಿ, "ಔರ್ ಜಬ್ ಸಚ್‌ಮುಚ್ ಆನಾ ಹೋ, ತಬ್ ಕ್ಯಾ ಬೋಲ್ತೇ ಹೋ ಸರ್ ಜೀ?"

ನಿಜವಾಗಿ ಬರುವಾಗಲೂ ಅದನ್ನೇ ಅನ್ನುತ್ತೇವೆ. ಹಾಗೆ ಹೇಳಿದೆ. ಹೇಳಬಾರದಿತ್ತು. ಸಂಜೆ ಅಂಗಡಿಗೇ ಹೋಗಿ, ಕ್ಷಮೆ ಕೇಳಿ, ಹೇಗಾದರೂ ಬಿಡಿಸಿಕೊಂಡು ಬರಬೇಕು.

ಜೂನ್ 3, ಸಂಜೆ

ಬಿಡಿಸಿಕೊಳ್ಳಲಾಗಲಿಲ್ಲ. ಹೋಗಲೂ ಇಲ್ಲ.

ಆಫೀಸಿನಿಂದ ಬಂದು ಸ್ನಾನಕ್ಕಿಳಿದಿದ್ದೆ. ಖುರಾನಾ ಮತ್ತೆ ಫೋನ್ ಮಾಡಿದ್ದಾನೆ. ಧಾರಿಣಿ ಎತ್ತಿದ್ದಾಳೆ. ಬೇಟಾ, ನಿಮ್ಮ ಪಪ್ಪಾ ಆರ್ಡರ್ ಮಾಡಿದ ಗೇಮಿಂಗ್ ಪಿಸಿ ರೆಡಿ ಇದೆ ಎಂದಿದ್ದಾನೆ.

ಟವೆಲ್ ಸುತ್ತಿಕೊಂಡು ಹೊರಗೆ ಬಂದರೆ ಮಗಳು ಬಂದು ತಬ್ಬಿಕೊಂಡಳು. ಒದ್ದೆ ಮೈಯೆಂದೂ ನೋಡಲಿಲ್ಲ. "ಪಪ್ಪಾ, ಯೂ ವರ್ ಆಕ್ಟಿಂಗ್! ಆಪ್ ಕಿತ್ನೇ ಡ್ರಾಮೇಬಾಜ್ ಹೋ!"

ಕೊನೆಯ ಸಲ ತಬ್ಬಿಕೊಂಡದ್ದು ಯಾವಾಗ, ನೆನಪಿಲ್ಲ. ಆಗ ನನ್ನ ಸೊಂಟಕ್ಕೆ ಬರುತ್ತಿದ್ದಳು. ಈಗ ಅವಳ ಗದ್ದ ನನ್ನ ಹೆಗಲ ಮೇಲೆ. ಆ ಹೊತ್ತಿನಲ್ಲಿ ವ್ಯಾಕರಣ ವಿವರಿಸುವ ಧೈರ್ಯ ಯಾವ ಅಪ್ಪನಿಗಿದೆ?

ಪದ್ಮಾ ಅಡಿಗೆಮನೆಯಿಂದ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು. "ಕನ್ಸೋಲ್ ಅಂತಿದ್ರಲ್ರೀ?"

"ಬಾಯಿ ತಪ್ಪಿತು."

"ಇಷ್ಟು ದೊಡ್ಡದು ಬಾಯಿ ತಪ್ಪಿ ಬರುತ್ತಾ?"

ಜೂನ್ 7

ಬಂತು. ಒಂದು ಗಾಜಿನ ಪೆಟ್ಟಿಗೆ. ಒಳಗೆ ನೀಲಿ, ನೇರಳೆ, ಕೆಂಪು ದೀಪಗಳು ಸುತ್ತುತ್ತವೆ. ಗಣೇಶನನ್ನು ಕೂರಿಸುವುದೊಂದು ಬಾಕಿ. ಕಿದ್ವಾಯಿ ನಗರದ ಈ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇಷ್ಟು ಬೆಳಕು ಎಂದೂ ಬಿದ್ದಿಲ್ಲ.

ಆ ಬೆಳಕು ಈಗ ಬಾಗಿಲಿನ ಅಡಿಯ ಸಂದಿಯಿಂದ ಹಾಲ್‌ಗೆ ಬರುತ್ತದೆ. ನೀಲಿ... ನೇರಳೆ... ಕೆಂಪು. ಸೋಫಾದಲ್ಲಿ ಕೂತು ನೋಡುತ್ತೇನೆ. ಆದರ್ಶ್ ಹೇಳಿದ್ದು ಸರಿ. ಸೋಫಾದಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ.

ಜೂನ್ 29, ಭಾನುವಾರ

ಮೂರು ವಾರ ಏನೂ ಬರೆದಿಲ್ಲ. ಬರೆಯಲು ಏನೂ ಆಗಿಲ್ಲ.

ಊಟಕ್ಕೆ ಬರುತ್ತಾಳೆ. ಹೆಡ್‌ಫೋನ್ ಕುತ್ತಿಗೆಯಲ್ಲಿ. "ಥ್ಯಾಂಕ್ಸ್ ಪಪ್ಪಾ" ಎನ್ನುತ್ತಾಳೆ, ಹುಳಿ ಬಡಿಸಿದ್ದಕ್ಕೋ, ಪಿಸಿಗೋ ತಿಳಿಯದು. ಹೋಗುತ್ತಾಳೆ. ಹೋಗುವಾಗ ಬರ್ತೀನಿ ಎಂದೂ ಅನ್ನುವುದಿಲ್ಲ.

ಪದ್ಮಾ ಟೀವಿಯ ಕೆಳಗೆ ನಾನು ಕನ್ಸೋಲಿಗೆಂದು ಮಾಡಿದ್ದ ಖಾಲಿ ಜಾಗದಲ್ಲಿ ಮನಿಪ್ಲಾಂಟ್ ಇಟ್ಟಳು.

ಜುಲೈ 12, ಶನಿವಾರ

ಇವತ್ತೊಂದು ಸಂಗತಿ.

ಸಂಜೆ ಕಾಫಿ ಕುಡಿಯುತ್ತಿದ್ದೆವು. ಬಾಗಿಲಿನ ಹಿಂದಿನಿಂದ ಕೂಗು ಕೇಳಿತು.

"ಏಯ್, ಹಿಂದೆ ಬಾರೋ! ಹಿಂದೆ, ಹಿಂದೆ! ಎಡಗಡೆ ಅವ್ನೆ! ಅಯ್ಯೋ, ಹೊಡ್ದಾಕ್ಬುಟ್ಟ ಕಣೋ!"

ಪದ್ಮಾ ಲೋಟ ಕೆಳಗಿಟ್ಟಳು. "ಯಾರ್ರೀ ಅದು ಒಳಗೆ?"

ನಮ್ಮ ಮಗಳು. ಕನ್ನಡದಲ್ಲಿ. ಅದೂ ಮಂಡ್ಯದ ಕನ್ನಡದಲ್ಲಿ!

ವರ್ಷಗಟ್ಟಲೆ ಸಂಘದ ಭಾನುವಾರದ ತರಗತಿಗೆ ಕಳಿಸಿದೆವು. ವರ್ಣಮಾಲೆಯ ಚಾರ್ಟು ತಂದೆವು. ಅದು ಗೋಡೆಯ ಬಿರುಕು ಮುಚ್ಚಲು ಬಹಳ ಸಹಾಯ ಮಾಡಿತು. ಈಗ ಆನ್‌ಲೈನ್ ಆಟದ ಟೀಮಿನ ಯಾವನೋ ಒಬ್ಬ, ಮುಖ ನೋಡದವನು, ಗುಂಡು ಹಾರಿಸುತ್ತಾ ಕಲಿಸಿದ್ದಾನೆ.

ಇಬ್ಬರೂ ಬಾಗಿಲ ಹತ್ತಿರ ಹೋಗಿ, ಉಸಿರು ಹಿಡಿದು, ಕಳ್ಳರಂತೆ ನಿಂತು ಕೇಳಿದೆವು. ಕಾಫಿ ಆರಿತು.

ಜುಲೈ 13

ತಪ್ಪು ಮಾಡಿದೆ. ತಿಂಡಿಯ ಹೊತ್ತಿಗೆ ಹೇಳಿಬಿಟ್ಟೆ. "ಪುಟ್ಟಾ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯ!"

ಕೆಂಪಾದಳು. "ವರ್ ಯೂ ಲಿಸನಿಂಗ್? ಪಪ್ಪಾ, ದಟ್ಸ್ ಸೋ ವಿಯರ್ಡ್."

ಇವತ್ತಿಡೀ ಬಾಗಿಲಿನ ಹಿಂದೆ ಪಿಸುಮಾತು. ಸಂದಿಗೆ ಟವೆಲ್ ಬೇರೆ ಸಿಕ್ಕಿಸಿದ್ದಾಳೆ. ದೀಪವೂ ಇಲ್ಲ.

ಪದ್ಮಾ ಹೇಳಿದಳು, "ಲೋಕಕ್ಕೆಲ್ಲ ತಮಾಷೆ ಬರೀತೀರಿ, ಒಂದು ದಿನ ಸುಮ್ನಿರಕ್ಕೆ ಬರಲ್ವಲ್ಲ ನಿಮಗೆ."

ಬರಲ್ಲ.

ಆಗಸ್ಟ್ 3, ಭಾನುವಾರ, ಸಂಜೆ

ಸೋಫಾದಲ್ಲಿದ್ದೆ. ಬಾಗಿಲು ತೆರೆಯಿತು. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ನನಗೆ.

"ಪಪ್ಪಾ, ನಮ್ಮೂರು ಯಾವ್ದು?"

ಹಿಂದಿ ಇಲ್ಲ, ಇಂಗ್ಲಿಷ್ ಇಲ್ಲ. ಪೂರ್ತಿ ವಾಕ್ಯ. ನನಗೇ ಕೇಳಿದ್ದು.

"ಯಾಕೆ ಮಗಳೇ?"

"ಕೆಂಪಣ್ಣ ಕೇಳ್ತಿದಾನೆ. ಮಂಡ್ಯದವ್ನು. ಟೀಮ್‌ನಲ್ಲಿ ಎಲ್ರೂ ಹೇಳಿದ್ರು. ಅವನು ಮಂಡ್ಯ, ಇನ್ನೊಬ್ಬಳು ಪುತ್ತೂರು. ಐ ಸೆಡ್ ಡೆಲ್ಲಿ. ಅವರು ನಕ್ಕುಬಿಟ್ರು. ಅದು ಇರೋ ಊರು, ನಿಮ್ಮೂರು ಯಾವ್ದು ಅಂತಾರೆ. ಜಲ್ದಿ, ವೋ ವೇಟ್ ಕರ್ ರಹೇ ಹೈ."

ಬಾಯಿ ತೆರೆದೆ. ಅಪ್ಪ ರೈಲ್ವೆಯವರು. ಎರಡು ವರ್ಷಕ್ಕೊಂದು ಸ್ಟೇಷನ್ನು. ಹುಟ್ಟಿದ್ದು ಬೀರೂರು, ಅಕ್ಷರ ಕಲಿತದ್ದು ಗದಗ, ಮೀಸೆ ಬಂದದ್ದು ಗುಂತಕಲ್ಲು. ಸರ್ವೀಸ್ ಪುಸ್ತಕದಲ್ಲಿ ಸ್ವಂತ ಊರು ಅರಸೀಕೆರೆ ಎಂದಿದೆ. ರಜೆಯ ಪ್ರಯಾಣಕ್ಕೆ ಸರ್ಕಾರ ಅಲ್ಲಿಯವರೆಗೆ ಟಿಕೆಟ್ ಕೊಡುತ್ತದೆ, ರೈಲೂ ನಿಲ್ಲುತ್ತದೆ ಎಂದು ಬರೆಸಿದ್ದು. ಅಲ್ಲಿ ನನಗೆ ಯಾರೂ ಇಲ್ಲ. ಈ ಕ್ವಾರ್ಟರ್ಸೂ ನಿವೃತ್ತಿಯಾದರೆ ಬೇರೆಯವರದು. ಇದನ್ನೆಲ್ಲ ಹೇಳತೊಡಗಿದೆ.

"ಪಪ್ಪಾ, ಇಷ್ಟೊಂದು ಬೇಡ. ಒಂದೇ ಊರು ಹೇಳು."

"ಅಮ್ಮನ್ನ ಕೇಳು."

ಒಳಗಿನಿಂದ ಪದ್ಮಾ ಕೂಗಿದಳು. "ನಮ್ಮೂರು ಭದ್ರಾವತಿ. ನಂದು ಕ್ಲಿಯರ್ ಇದೆ. ಅವಳು ಕೇಳ್ತಿರೋದು ನಿಮ್ಮನ್ನ."

ಧಾರಿಣಿ ಒಂದು ಕ್ಷಣ ನನ್ನನ್ನೇ ನೋಡಿದಳು. ಮೈಕಿಗೆ ಮೆಲ್ಲಗೆ ಹೇಳಿದಳು, "ತಡೀರೋ, ನಮ್ಮಪ್ಪ ಯೋಚ್ನೆ ಮಾಡ್ತಾವ್ರೆ." ಒಳಗೆ ಹೋದಳು.

ಬಾಗಿಲು ಹಾಕಿಲ್ಲ. ಇಲ್ಲಿಂದ ಅವಳ ಕುರ್ಚಿಯ ಬೆನ್ನು ಕಾಣುತ್ತಿದೆ. ಆಟ ಆಡುತ್ತಿಲ್ಲ. ಕಾಯುತ್ತಿದ್ದಾಳೆ. ಒಂದೇ ಒಂದು ಹೆಸರು ಹೇಳಿದರೆ ಸಾಕು, ಯಾವುದಾದರೂ, ಅವಳು ನಂಬುತ್ತಾಳೆ. ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತು ಹೇಳಬಹುದು. ಪೆನ್ನು ಹಿಡಿದರೆ ಏನಾದರೂ ಹೊಳೆದೀತು ಎಂದು ಬರೆಯಲು ಕೂತೆ.

"ಪಪ್ಪಾ?"

ಬಂದೆ ಮಗಳೇ. ನಮ್ಮೂರು...