ಮೂರನೇ ಮನೆಯವರೆಗೆ ಬುದ್ಧ

ಅಕ್ಟೋಬರ್ 4, ಬ್ಯಾಂಕಾಕ್
ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಇಲ್ಲಿಯ ಪದ್ಧತಿ. ಅಮೆರಿಕಕ್ಕೆ ಮುಂದಿನ ವಿಮಾನ ಸಂಜೆಗೆ. ಅಷ್ಟರೊಳಗೆ ವಾಟ್ ಫೋ ಮಂದಿರ, ನಾನೊಬ್ಬನೇ. ಏಳನೇ ಕ್ಲಾಸಿನ ಇಂಗ್ಲಿಷ್ ಧಾರಾಳ ಸಾಕಾಯಿತು. ಒಳಗೆ ಬಂಗಾರದ ಬುದ್ಧ ಮಲಗಿದ್ದಾನೆ — ನಾಲ್ಕು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಕಂಬಗಳು ಅಡ್ಡ. ನಿಂತಲ್ಲಿಂದ ಪೂರ್ತಿ ಕಾಣುವುದಿಲ್ಲ, ತಲೆಯಿಂದ ಪಾದದವರೆಗೆ ನಡೆಯಲೇಬೇಕು. ನಡೆದೆ. ಫೋಟೋ ಬೇಕಾದಷ್ಟು ತೆಗೆದೆ.

ಅಕ್ಟೋಬರ್ 6, ಕ್ಯಾರಲ್ಟನ್, ಟೆಕ್ಸಾಸ್
ಜಯದೇವಿ ಅಕ್ಕ ಇಲ್ಲಿ ತನ್ನ ಮಗಳು ಹರ್ಷಿಣಿಯ ಮನೆಯಲ್ಲಿದ್ದಾಳೆ. ಮೊಣಕಾಲು ಆಪರೇಷನ್ ಆಗಿದೆ. ಆಮೇಲೊಮ್ಮೆ ಬಾತ್‌ರೂಮಿನಲ್ಲಿ ಜಾರಿದಳಂತೆ. ಅಂದಿನಿಂದ ಭಯ, ಸೋಫಾ ಬಿಟ್ಟು ಏಳುವುದಿಲ್ಲ. ಎದುರಿಗೆ ಥಾಯ್ ಹೋಟೆಲಿನವರು ಕೊಟ್ಟ ಕ್ಯಾಲೆಂಡರ್. ಅದೇ ಬುದ್ಧ, ಮುಖ ಮಾತ್ರ. ಪಾದ ನೋಡಬೇಕೆಂಬುದು ಅವಳ ಆಸೆ. ಮುಂದಿನ ತಿಂಗಳು ಊರಿಗೆ ಮರಳುವಾಗ ನಾವಿಬ್ಬರೂ ಬ್ಯಾಂಕಾಕಿನಲ್ಲಿ ಇಳಿಯಲೆಂದೇ ಟಿಕೆಟ್ ಮಾಡಿಸಿದ್ದು.
ಫೋಟೋ ತೋರಿಸಿದೆ. ಎಲ್ಲದರಲ್ಲೂ ನನ್ನ ಮುಖ, ಹಿಂದೆ ಚೂರು ಬಂಗಾರ.
"ಬುದ್ಧನ್ನ ನೋಡೋಕೆ ಹೋಗಿದ್ಯೋ, ಬುದ್ಧಂಗೆ ನಿನ್ನ ತೋರ್ಸೋಕೆ ಹೋಗಿದ್ಯೋ?"
"ಅವನೂ ಒಂದ್ಸಲ ನೋಡ್ಲಿ ಬಿಡಕ್ಕ."
"ಪಾದದಲ್ಲಿ ಏನಿತ್ತೋ?"
"ಹೇಳಲ್ಲ."

ಅಕ್ಟೋಬರ್ 8
ಫಿಸಿಯೋಥೆರಪಿಯವಳು ಬಂದು ಹೋದಳು. ಅಕ್ಕ ಕಾಲು ಮಡಿಸಲೇ ಇಲ್ಲ.
"ಈಗ ಬಿಟ್ರೆ ಹೀಗೇ ಸ್ಟಿಫ್ ಆಗ್ಬಿಡತ್ತಂತೆ ಮಾಮ," ಎಂದಳು ಹರ್ಷಿಣಿ, ಅಡುಗೆಮನೆಯಲ್ಲಿ, ಮೆಲ್ಲಗೆ.
ಅಕ್ಕನಿಗೆ ಕೇಳಿಸಿತು. "ನನ್ನ ಟಿಕೆಟ್ ಕ್ಯಾನ್ಸಲ್ ಮಾಡ್ಬಿಡೇ. ಇವನೊಬ್ಬನೇ ಹೋಗ್ಲಿ."
ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೆರೆ ಏರಿಯುದ್ದಕ್ಕೂ ನಡೆದವಳು ಇವಳು, ನಾನು ಚಿಕ್ಕವನಿದ್ದಾಗ. ಟಿಕೆಟ್ ಮುಟ್ಟಬೇಡ ಎಂದು ಹರ್ಷಿಣಿಗೆ ಕಣ್ಸನ್ನೆ ಮಾಡಿದೆ.

ಅಕ್ಟೋಬರ್ 11, ಸಂಜೆ
ಸೊಂಟ ಬಿದ್ದುಹೋಗಿದೆ. ಮಧ್ಯಾಹ್ನವೆಲ್ಲ ಫುಟ್‌ಪಾತಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬುದ್ಧನನ್ನು ಮಲಗಿಸಿದೆ. ತಲೆ ನಮ್ಮ ಮೇಲ್‌ಬಾಕ್ಸ್ ಬಳಿ, ಪಾದ ಮೂರನೇ ಮನೆಯ ಮುಂದೆ. ಅಳತೆ ಪಕ್ಕಾ. ಇಂಥ ಕೆಲಸ ಟೆಕ್ಸಾಸಿನಲ್ಲಿ ಇನ್ಯಾರೂ ಮಾಡಿರಲಾರರು.
ಅಕ್ಕನನ್ನು ವೀಲ್‌ಚೇರಿನಲ್ಲಿ ತಲೆಯವರೆಗೆ ತಂದೆ. ವಾಕರ್ ಎದುರಿಗಿಟ್ಟೆ.
"ತಳ್ಕೊಂಡು ಹೋಗೋ."
"ಗುಡಿಯೊಳಗೆ ಗಾಡಿ ಬಿಡಲ್ಲ."
ಬೈದಳು. ಆಮೇಲೆ ಏನು ಮಾಡಿದಳೆಂದರೆ — ಚಪ್ಪಲಿ ಬಿಟ್ಟಳು. ಎದ್ದಳು. ವಾಕರ್ ಹಿಡಿದು ಬುದ್ಧನ ಹೆಗಲು ದಾಟಿದಳು, ಮೊಣಕೈ, ನಡು... ಹರ್ಷಿಣಿ ವೀಲ್‌ಚೇರು ಹಿಡಿದು ಹಿಂದೆಯೇ. ಎರಡನೇ ಮನೆಯ ಹತ್ತಿರ ನಿಂತು ಏದುಸಿರು ಬಿಟ್ಟಳು. "ಇಷ್ಟು ಉದ್ದ ಯಾಕೋ ಮಲಗಿದಾನೆ ಮಹಾರಾಯ!"
ಪಾದ ಬಂತು. ವಾಟ್ ಫೋದಲ್ಲಿರುವಂತೆಯೇ ಅಂಗಾಲಿನ ತುಂಬ ಚಿತ್ರ ಬಿಡಿಸಿದ್ದೆ. ಅಲ್ಲಿ ಎಲ್ಲವೂ ಮುತ್ತಿನ ಚಿಪ್ಪಿನಲ್ಲಿ ಕೂರಿಸಿದ್ದು.
"ಇದೇನೋ, ಹಂದಿ?"
"ಆನೆ."
ನಕ್ಕಳು. ಎಷ್ಟು ದಿನವಾಗಿತ್ತೋ. ನಗುತ್ತಲೇ ಒಂದು ಕೈಯಲ್ಲಿ ನನ್ನ ಭುಜ ಹಿಡಿದಳು. ನಮಸ್ಕಾರ ಮಾಡಬೇಕಂತೆ, ಆ ಹಂದಿಗೆ. ಮೆಲ್ಲಗೆ ಬಗ್ಗಿದಳು. ಯಾರು ಹೇಳಿದರೂ ಮಡಿಯದ ಮೊಣಕಾಲು... ಬೆರಳು ನೆಲಕ್ಕೆ ತಾಗಿತು. ಬೆರಳಿಗೆ ಹತ್ತಿದ ಸುಣ್ಣವನ್ನು ಕಣ್ಣಿಗೆ ಒತ್ತಿಕೊಂಡಳು.
ನನ್ನ ಕಣ್ಣಿಗೆ ಧೂಳು ಬಿತ್ತು. ಟೆಕ್ಸಾಸಿನ ಗಾಳಿಯೇ ಹಾಗೆ.

ಅಕ್ಟೋಬರ್ 12, ಬೆಳಿಗ್ಗೆ
ಕಿಟಕಿಯಿಂದ ನೋಡಿದರೆ, ಲಾನಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಬುದ್ಧನನ್ನು ತೊಳೆದುಹಾಕಿದೆ. ಅಕ್ಕ ಎಲ್ಲಿ ಮತ್ತೆ ಸೋಫಾ ಹಿಡಿಯುತ್ತಾಳೋ ಎಂದು ಹಾಸಿಗೆಯಲ್ಲೇ ಇದನ್ನು ಬರೆಯುತ್ತ ಕೂತಿದ್ದೇನೆ. ಬಾಗಿಲಾಚೆ ವಾಕರ್ ಸದ್ದು —
"ಏಳೋ ನರಸಿಂಹ! ಸೀಮೆಸುಣ್ಣ ಎಲ್ಲಿಟ್ಟಿದೀಯ? ಇವತ್ತು ಆನೆ ನಾನೇ ಬರೀತೀನಿ."
ಎದ್ದೆ. ಚಪ್ಪಲಿ ಹಾಕದೆ ಹೊರಟೇಬಿಟ್ಟಿದ್ದಾಳೆ, ಅಯ್ಯೋ, ನಿಲ್ಲೇ ಅಕ್ಕ, ನೆಲ ಒದ್ದೆ —