ಪ್ರಿನ್ಸಿಪಾಲರು ಕುಡಿದ ಪಾಯಸ

ಮರಳವಾಡಿ
೧೪ ಫೆಬ್ರವರಿ ೨೦೨೫

ಚಿರಂಜೀವಿ ದೇವರಾಜುವಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಬಿಡದಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬೈಕೋಬೇಡ. ರೇಷ್ಮೆಹುಳುವಿಗೆ ಸೊಪ್ಪು ಹಾಕುವುದರಲ್ಲೇ ಹಗಲೆಲ್ಲ ಹೋಯಿತು. ಫೋನು ಮಾಡಿದರೆ ‘ಡ್ಯೂಟಿ ಐತೆ ಕಣವ್ವ’ ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ತಪ್ಪಿಸಿಕೊಳ್ಳುವ ಹಾಗಿಲ್ಲ, ಪೂರ್ತಿ ಓದಲೇಬೇಕು.

ಮೊದಲು ಸಂತೋಷದ ಸುದ್ದಿ. ನಿನ್ನ ತಂಗಿ ಇಂಚರಾಳ ವಿದ್ಯಾರ್ಥಿವೇತನ ಉಳಿಯಿತು! ಅದು ಹೋಗಿದ್ದರೆ ಅವಳ ನರ್ಸಿಂಗ್ ಓದು ಅರ್ಧಕ್ಕೇ ನಿಲ್ಲುತ್ತಿತ್ತು.

ಹೋದ ಭಾನುವಾರ, ರೇಷ್ಮೆಗೂಡು ಒಳ್ಳೇ ರೇಟಿಗೆ ಹೋಯಿತೆಂದು ಹೋಳಿಗೆ, ಗಸಗಸೆ ಪಾಯಸ ಮಾಡಿದ್ದೆ. ನಿನ್ನ ತಂಗಿ ಗೊತ್ತಲ್ಲ, ಚೊಂಬಿನಲ್ಲೇ ಕುಡಿದಳು. ಮಾರನೇ ಬೆಳಿಗ್ಗೆ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಮಕ್ಕಳಿಗೆಲ್ಲ ಮೂತ್ರಪರೀಕ್ಷೆ. ಫೀಸು ಕಟ್ಟುವವರಿಗೆ ಅದಿಲ್ಲ! ಡ್ರಗ್ಸ್ ಸಿಕ್ಕರೆ ಹಣ ನಿಲ್ಲಿಸುವ ನಿಯಮ ನಿನಗೆ ನಾನು ಹೇಳಬೇಕೇ? ಇವಳದು ಅಫೀಮು ಎಂದು ಬಂತು. ‘ನಾನೇನೂ ತಗಂಡಿಲ್ಲ ಕಣವ್ವ’ ಎಂದು ಹುಡುಗಿ ಫೋನಿನಲ್ಲಿ ಒಂದೇ ಸಮ ಅತ್ತಳು. ಆಮೇಲೆ ಅವಳೇ ಹುಡುಕಿ ನೋಡಿದಳಂತೆ. ಗಸಗಸೆ ಅಫೀಮು ಗಿಡದ ಬೀಜವೇ ಅಲ್ಲವೇ? ಜಾಸ್ತಿ ತಿಂದರೆ ಪರೀಕ್ಷೆಯಲ್ಲಿ ಹಾಗೆ ಬರುತ್ತದಂತೆ.

ನನಗೆ ಮೈಯೆಲ್ಲ ಉರಿಯಿತು. ಮಂಗಳವಾರ ಮತ್ತೆ ಪಾಯಸ ಕಾಯಿಸಿ, ಕ್ಯಾನಿಗೆ ತುಂಬಿಕೊಂಡು ಕಾಲೇಜಿಗೆ ಬಸ್ಸು ಹತ್ತಿದೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ‘ಪಾಯಸ ಕುಡಿದ್ರೆ ಹಂಗೆಲ್ಲ ಬರುತ್ತೇನಮ್ಮ?’ ಎಂದು ನಕ್ಕರು.

‘ಬರಕಿಲ್ಲ ಅನ್ನೋದಾದ್ರೆ ನೀವೇ ಕುಡೀರಿ ಸಾರ್. ನಾಳೆ ನೀವೂ ಒಂದು ಬಾಟ್ಲಿ ಕೊಡಿ’ ಅಂದೆ. ಪಕ್ಕದಲ್ಲಿದ್ದ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪುಣ್ಯಾತ್ಮ, ‘ಒಸಿ ಸಾಕು’ ಅಂದವರು ಲೋಟದ ಮೇಲೆ ಲೋಟ ಇಳಿಸಿದರು! ಮಧ್ಯಾಹ್ನ ಕುರ್ಚಿಯಲ್ಲೇ ಗೊರಕೆ ಹೊಡೆದರಂತೆ.

ಮಾರನೇ ಬೆಳಿಗ್ಗೆ ಪರೀಕ್ಷೆ ಮಾಡಿಸಿ ನೋಡಿದರೆ ಅವರದೂ ಅಫೀಮೇ! ಇಂಚರಾಳಿಗೆ ನಗು ತಡೆಯಲಾಗಲಿಲ್ಲ. ‘ಅವ್ವಾ, ಈ ವಿಸ್ಯ ಹೊರಗೆ ಹೋಗ್ಬಾರ್ದು ಅಂತ ಅಟೆಂಡರ್ ಬಸವಯ್ಯಂಗೆ ಹೇಳವ್ರೆ. ಬಸವಯ್ಯ ಇಡೀ ಕಾಲೇಜಿಗೆ ಹೇಳ್ಬುಟ್ಟವ್ನೆ!’

ನಿನ್ನೆ ಪ್ರಿನ್ಸಿಪಾಲರು ನಮ್ಮನ್ನು ಕರೆಸಿ, ಹಣ ನಿಲ್ಲಿಸಿದ್ದ ಆದೇಶವನ್ನು ರದ್ದು ಮಾಡಿದರು. ನಿಮ್ಮಪ್ಪ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಕಥೆ ಹೇಳಿಕೊಂಡು ಬಂದರು. ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತು ಕೇಳುತ್ತ ನಿಂತಿದ್ದ.

ಕೈಗೆ ಹತ್ತಿದ ಕೆಲಸ ನಿನಗೆ ಅನ್ನ ಕೊಡಲಿ, ಕಣ್ತುಂಬ ನಿದ್ದೆಯನ್ನೂ ಕೊಡಲಿ.

ಇಂತಿ ನಿನ್ನ ಅವ್ವ,
ಲತಾಮಣಿ

ಮರೆತಿದ್ದೆ. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೊರಡುವಾಗ ಪ್ರಿನ್ಸಿಪಾಲರನ್ನು ಕೇಳಿದೆ: ‘ನನ್ ದೊಡ್ಡ ಮಗಾನೂ ಇಲ್ಲೇ ಓದ್ತಿದ್ದ ಸಾರ್. ಟೂರಲ್ಲಿ ಒಂದ್ಸಲ ಗಾಂಜಾ ಸೇದ್ದೆ ಅಂತ ಅವ್ನೇ ಬಂದು ಒಪ್ಕಂಡ. ಅವ್ನ ಹಣ ನಿಲ್ಸಿದ್ರಿ. ಮಾಡ್ದೆ ಇರೋ ತಪ್ಪಿಗೆ ದಾರಿ ಐತೆ. ಮಾಡಿ ಒಪ್ಕಂಡ ತಪ್ಪಿಗೆ ಇಲ್ವಾ?’ ಅವರು ‘ರೂಲ್ಸಮ್ಮ’ ಎಂದು ಕೈಮುಗಿದರು.

ನಿನ್ನ ಓದು ನಿಂತಿತಲ್ಲ, ಆ ಸಂಕಟ ಹೇಗೋ ನುಂಗಿಕೊಂಡೆ. ಅಂದಿನಿಂದ ನೀನು ಹೊಸಿಲು ತುಳಿದಿಲ್ಲವಲ್ಲ, ಅದನ್ನು ನುಂಗಲಾರೆ ಮಗನೇ. ಯುಗಾದಿಗೆ ಬಾ. ಬಂದವರಿಗೆ ಬಡಿಸುವುದು, ನಮ್ಮ ಮನೆಯಲ್ಲಿ ಇರುವುದು ಅದೊಂದೇ ರೂಲ್ಸು.