ಕಂಡಕ್ಟರ್ ಇಲ್ಲದ ಟ್ರಾಮು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.30

ಹೆಡ್‌ಲೈಟಿನ ಗಾಜು ಕೂತಿತು. ಗಾಜಲ್ಲ ಅದು, ಹಲ್ಲುಸೆಟ್ಟಿಗೆ ಬಳಸುವ ಅಕ್ರಿಲಿಕ್. ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನಲ್ಲಿ ಮಿಕ್ಕಿದ್ದನ್ನು ತಂದು, ಅಚ್ಚಿಗೆ ಹೊಯ್ದು, ಪಾಲಿಶ್ ಮೋಟರಿನಲ್ಲಿ ಉಜ್ಜಿ ಉಜ್ಜಿ... ಒಳಗೆ ಬಲ್ಬು ಹಚ್ಚಿದೆ. ಟ್ರಾಮು ಗ್ಯಾರೇಜಿನ ಗೋಡೆ ಒಡೆದುಕೊಂಡು ಬರುತ್ತಿದೆ ಅನ್ನಿಸಿತು. ಒಬ್ಬನೇ ಕುಣಿದೆ. ಇಕ್ಕಳ ಕಾಲಿನ ಮೇಲೆ ಬಿತ್ತು. ಆದರೂ ಕುಣಿದೆ.

ಎಂಟನೇ ನಂಬರಿನ ಟ್ರಾಮಿನ ಮಾದರಿ. ನಿಜದ ಗಾಡಿಯ ಎಂಟನೇ ಒಂದು ಪಾಲು, ಅಂದರೆ ನಮ್ಮ ಊಟದ ಮೇಜಿನಷ್ಟು ಉದ್ದ. ಮೇಲೆ ನಿಜವಾದ ತಂತಿ, ಅದರಲ್ಲಿ ಮುಟ್ಟಿದರೆ ಏನೂ ಆಗದಷ್ಟು ಕರೆಂಟು. ಗಾಡಿಯ ಛಾವಣಿಯ ಮೇಲಿನ ಕಂಬ ಆ ತಂತಿಯನ್ನು ಸವರಿಕೊಂಡೇ ಓಡಬೇಕು. ಏಪ್ರಿಲ್ 27ಕ್ಕೆ ನಮ್ಮ ಮಾದರಿ ರೈಲು ಕ್ಲಬ್ಬಿನ ಪ್ರದರ್ಶನ. ಅವತ್ತು ಕ್ಲಬ್ಬಿನ ಹಾಲ್‌ನ ಈ ತುದಿಯಿಂದ ಆ ತುದಿಗೆ ಇದು ಓಡುತ್ತದೆ. ಓಡಿಸುವವನು ನಾನಲ್ಲ. ಮಾವ.

ಮಾವನಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 5, ಬುಧವಾರ

ಹೇಳಿದೆ. ಕೆಟ್ಟೆ.

ನಿಜದ ಎಂಟನೇ ನಂಬರನ್ನು ಇಪ್ಪತ್ತು ಚಿಲ್ಲರೆ ವರ್ಷ ಓಡಿಸಿದ ಮನುಷ್ಯ. ಊರಿನಲ್ಲಿ ಟ್ರಾಮು ನಿಂತ ದಿನದಿಂದ ಆ ಸುದ್ದಿಯೇ ಎತ್ತಿದವರಲ್ಲ. ಮಂಡಿಯ ಆಪರೇಷನ್ ಆದ ಮೇಲೆ ನಮ್ಮ ಮನೆಯಲ್ಲಿದ್ದಾರೆ. ನನ್ನ ಬಗ್ಗೆ ಅವರ ಅಭಿಪ್ರಾಯ ಮದುವೆಯ ದಿನ ಏನಿತ್ತೋ ಇವತ್ತೂ ಅದೇ. ನಿಂತು ಮಾಡಿದ್ದು ಕೆಲಸ, ಕೂತು ಮಾಡಿದ್ದು ಹೊತ್ತು ಕಳೆಯುವುದು. ನಾನು ಮಾಡಿಕೊಟ್ಟ ಹಲ್ಲುಸೆಟ್ಟು ಹಾಕಿಕೊಂಡೇ ಇದನ್ನು ಹೇಳುತ್ತಾರೆ.

ಪೇಪರಿನಿಂದ ಕಣ್ಣೆತ್ತಲಿಲ್ಲ.

“ಆಟದ ಸಾಮಾನು ಆಡೋ ವಯಸ್ಸು ನಂದು ದಾಟಿದೆ. ನಿಮ್ಮದೂ ದಾಟಿದೆ ಅಂತ ತಿಳ್ಕೊಂಡಿದ್ದೆ, ಅಳಿಯಂದ್ರೇ.”

ಇವಳು, ಅವರ ಮಗಳು, ಒಳಗೆ ಹೊಲಿಗೆ ಮೆಷಿನ್ ತುಳಿಯುತ್ತಾ ನಕ್ಕಿದ್ದು ಕೇಳಿಸಿತು. ಇರಲಿ. ಓಡುವುದನ್ನು ಕಣ್ಣಾರೆ ನೋಡಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಂದೇ ಒಂದು ಸಲ ಆ ಬಾಯಲ್ಲಿ ‘ಪರವಾಗಿಲ್ಲ’ ಅನ್ನಿಸಬೇಕು. ನನಗೆ ಅಷ್ಟೇ ಬೇಕು. ಹೌದು, ಅಷ್ಟಕ್ಕೇ ಇಷ್ಟೆಲ್ಲ.

ಮಾರ್ಚ್ 9, ಭಾನುವಾರ

ಕ್ಲಬ್ಬು. ಚಕ್ರ, ಮೋಟರು, ಚಾಸಿ ಮಾತ್ರ ಹಳಿಗೆ ಇಳಿಸಿದೆವು. ಆಹಾ... ತಿರುವಿನಲ್ಲಿ ಆ ಕಿರ್ರ್ ಅನ್ನುವ ಸದ್ದು! ಮೈ ಜುಂ ಅಂದಿತು.

ಕಾರ್ಯದರ್ಶಿ ಬಂದು ಕ್ಯಾಲಿಪರ್ ಇಟ್ಟು ಚಕ್ರ ಚಕ್ರವನ್ನೂ ಅಳೆದ. ಔಷಧಿ ಅಂಗಡಿಯವನು. ನಾವೆಲ್ಲ ಅವನನ್ನು ‘ರೂಲ್ಸು’ ಅಂತಲೇ ಕರೆಯುವುದು, ಅವನಿಗೂ ಗೊತ್ತು, ಖುಷಿಯೂ ಇದೆ. ಬಾಡಿಯ ಒಂದು ಪಕ್ಕವನ್ನು ತೋರಿಸಿದೆ. ರಿವೆಟ್ ಎಣಿಸಿ ತಲೆದೂಗಿದ. ಉಳಿದವರೂ ಸುತ್ತ ಸೇರಿ ರಿವೆಟ್ ನೋಡಿ ತಲೆದೂಗಿದರು. ಏಪ್ರಿಲ್ 20ಕ್ಕೆ ಟ್ರಯಲ್. ಹೋಗಿ ಬರುವಾಗ ಕಂಬ ತಂತಿ ಬಿಡಬಾರದು. ಬಿಟ್ಟರೆ ಪ್ರದರ್ಶನದ ದಿನ ಗಾಡಿ ಮೇಜಿನ ಮೇಲೆ ಸುಮ್ಮನೆ ನಿಂತಿರುತ್ತದೆ. ನಿಂತ ಟ್ರಾಮು ನೋಡಲು ಮಾವ ಬರುತ್ತಾರೆಯೇ? ಅವರು ಅಂಥದ್ದನ್ನು ಒಮ್ಮೆ ನೋಡಿ ಆಗಿದೆ.

ಮಾರ್ಚ್ 21, ಶುಕ್ರವಾರ

ಬಣ್ಣ ಮುಗಿಯಿತು. ಕೆಳಗೆ ಹಸಿರು, ಮೇಲೆ ಕೆನೆ. ಕೆನೆಬಣ್ಣ ಯಾವ ಅಂಗಡಿಯಲ್ಲೂ ಸರಿಹೊಂದಲಿಲ್ಲ. ಕಪ್ಪುಬಿಳುಪು ಫೋಟೋ ಇಟ್ಟುಕೊಂಡು ಬಣ್ಣ ಹುಡುಕುವವನಿಗೆ ಬುದ್ಧಿ ಬೇಡವೇ! ಇವಳಿಗೆ ಚಿಕ್ಕಂದಿನದು ನೆನಪಿತ್ತು. ಲ್ಯಾಬಿನಿಂದ ಹಲ್ಲಿನ ಬಣ್ಣ ಹೊಂದಿಸುವ ಶೇಡ್ ಗೈಡ್ ತಂದು ಒಂದೊಂದೇ ಹಲ್ಲು ತೋರಿಸಿದೆ. ಬಿಳಿ ಹಲ್ಲೆಲ್ಲ ದಾಟಿ, ಸ್ವಲ್ಪ ಕಾಫಿ ಕುಡಿಯುವವರ ಹಲ್ಲಿಗೆ ಬಂದಾಗ “ಇದೇ” ಅಂದಳು.

ಅಳತೆಗೆ ಇರುವುದೂ ಆ ಒಂದೇ ಫೋಟೋ. ಮಾವ ಯುವಕರಾಗಿ, ಗಾಡಿಗೆ ಒರಗಿ, ಎದೆ ಸೆಟೆದು ನಿಂತಿದ್ದಾರೆ. ಹಣೆಯ ಮೇಲೆ ದುಂಡಗೆ 8. ಅದನ್ನು ದೊಡ್ಡದು ಮಾಡಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ. ಕಿಟಕಿ, ಮೆಟ್ಟಿಲು, ಬಾಗಿಲು, ಬಾಗಿಲಿನ ಹಿಡಿ, ಎಲ್ಲ ಅದನ್ನೇ ನೋಡಿ ಮಾಡಿದ್ದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಮಾರ್ಚ್ 29, ಶನಿವಾರ

ಅಯ್ಯೋ.

ಇವಳು ಗ್ಯಾರೇಜಿಗೆ ಬರುವವಳೇ ಅಲ್ಲ. ಇವತ್ತು ಸೀಟಿನ ಬಟ್ಟೆ ಕೊಡಲು ಬಂದಳು. ಗೋಡೆಯ ಫೋಟೋ ಮುಂದೆ ನಿಂತಳು. ನಿಂತೇ ಇದ್ದಳು.

“ರೀ, ಅಪ್ಪ ಯಾವಾಗ ಹೆಂಗಸರ ಷರ್ಟು ಹಾಕ್ಕೊಂಡಿದ್ರು?”

ಏನು ಹಾಗಂದರೆ ಅಂದೆ. ಗುಂಡಿ ಪಟ್ಟಿ ಉಲ್ಟಾ ಇದೆ, ಜೇಬು ಬಲಗಡೆ ಇದೆ, ಯಾವ ದರ್ಜಿಯೂ ಗಂಡಸಿಗೆ ಹೀಗೆ ಹೊಲಿಯುವುದಿಲ್ಲ ಅಂದಳು.

ನೋಡಿದೆ. ಕುರ್ಚಿ ಹುಡುಕಿ ಕೂತೆ.

ಫೋಟೋ ತಿರುಗಿದೆ. ಯಾವ ಕಾಲದಲ್ಲೋ ಸ್ಟುಡಿಯೋದವನು ಫಿಲ್ಮನ್ನು ಮಗುಚಿ ಇಟ್ಟು ಪ್ರಿಂಟ್ ಹಾಕಿದ್ದಾನೆ. 8 ಹೇಗೆ ತಿರುಗಿಸಿದರೂ 8, ಯಾರಿಗೆ ಗೊತ್ತಾಗಬೇಕು? ನಾನು ಕನ್ನಡಿಯೊಳಗಿನ ಟ್ರಾಮು ಕಟ್ಟಿದ್ದೇನೆ. ಎರಡೂ ದಿಕ್ಕಿಗೆ ಓಡುವ ಗಾಡಿ. ಡ್ರೈವರ್ ಯಾವ ತುದಿಯಲ್ಲಿ ನಿಂತರೂ ಅವನ ಪಕ್ಕದ ಬಾಗಿಲು ಫುಟ್‌ಪಾತಿನ ಕಡೆಗೇ ತೆರೆಯಬೇಕು. ನನ್ನದು ಎರಡು ತುದಿಯಲ್ಲೂ ರಸ್ತೆಯ ಮಧ್ಯಕ್ಕೆ ತೆರೆಯುತ್ತದೆ. ಇಡೀ ಕ್ಲಬ್ಬು ರಿವೆಟ್ ಎಣಿಸಿತು. ಹತ್ತುವುದು ಎಲ್ಲಿಂದ ಅಂತ ಒಬ್ಬನಾದರೂ ಕೇಳಿದನೇ?

ಮಾರ್ಚ್ 30, ಭಾನುವಾರ. ಬೆಳಿಗ್ಗೆ

ತಿಂಡಿಯ ಹೊತ್ತಿಗೆ ಇವಳು ಅಪ್ಪನಿಗೆ ಹೇಳಿಬಿಟ್ಟಳು. ಹೆಂಗಸರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತಾರೆ. ನನ್ನದರಲ್ಲೂ ನಿಲ್ಲುವುದಿಲ್ಲ, ಬೇರೆ ವಿಷಯ.

ಮಾವ ಚಮಚ ಕೆಳಗಿಟ್ಟರು. ಭುಜ ಕುಲುಕಿತು. ಕೆಮ್ಮು ಅಂದುಕೊಂಡೆ. ನಗು! ಕಣ್ಣಲ್ಲಿ ನೀರು ಬರುವ ಹಾಗೆ, ಹಲ್ಲುಸೆಟ್ಟನ್ನು ಕೈಯಲ್ಲಿ ಅದುಮಿ ಹಿಡಿದುಕೊಂಡು ನಕ್ಕರು. ಈ ಮನೆಗೆ ಬಂದ ಮೇಲೆ ಮೊದಲ ಸಲ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಆಮೇಲೆ ಕೋಲು ಊರಿಕೊಂಡು ಬಂದು ಗ್ಯಾರೇಜಿನ ಹೊಸ್ತಿಲ ಮೇಲೆ ನಿಂತರು. ಒಳಗೆ ಬರಲಿಲ್ಲ. ಗಾಡಿಯನ್ನು ಈ ಕಡೆಯಿಂದ ಆ ಕಡೆಗೆ ನೋಡಿದರು. ನೋಡುತ್ತಲೇ ಇದ್ದರು.

“ಜನ ಇಳಿಯೋದು ಎಲ್ಲಿಗೆ, ಅಳಿಯಂದ್ರೇ? ಲಾರಿ ಕೆಳಗಾ?”

ಹೋದರು. ಸರಿಯಾಗಿ ಮಾಡಿದ್ದಿದ್ದರೆ ಹೊಸ್ತಿಲವರೆಗೂ ಬರುತ್ತಿರಲಿಲ್ಲ. ಬಾಗಿಲು ಬಿಚ್ಚುತ್ತೇನೆ. ಈಗಲೇ.

ಏಪ್ರಿಲ್ 12, ಶನಿವಾರ

ಬರೆಯಲು ಪುರುಸೊತ್ತಿರಲಿಲ್ಲ. ಎರಡೂ ತುದಿ ಕತ್ತರಿಸಿದೆ. ಕತ್ತರಿಸುವಾಗ ಕಣ್ಣು ಮುಚ್ಚಿಕೊಂಡಿದ್ದೆ ಅಂತ ಇವಳು ಹೇಳುತ್ತಾಳೆ, ಸುಳ್ಳು. ಮೇಣದಲ್ಲಿ ಹೊಸ ಬಾಗಿಲು ತಿದ್ದಿ, ಪ್ಲಾಸ್ಟರಿನ ಅಚ್ಚು ಮಾಡಿ, ಹಲ್ಲು ಎರಕ ಹೊಯ್ಯುವ ಹಾಗೆಯೇ ಹೊಯ್ದೆ. ಮೂರು ಸೀಳಿದವು. ಮತ್ತೆ ಹೊಯ್ದೆ. ಲ್ಯಾಬಿನಲ್ಲಿ ಯಾರದೋ ಬಾಚಿಹಲ್ಲು ಒಲೆಯ ಒಳಗೆ ಟ್ರಾಮಿನ ಮೆಟ್ಟಿಲಿನ ಪಕ್ಕ ಬೇಯುತ್ತಿತ್ತು.

ಇವಳೂ ಈಗ ಗ್ಯಾರೇಜಿನಲ್ಲೇ. ನೂಲು ಹಿಡಿದು ನೇರ ನೋಡುತ್ತಾಳೆ, ನನಗಿಂತ ಚೆನ್ನಾಗಿ. ಮಾವ ದಿನಾ ಸಂಜೆ ಹೊಸ್ತಿಲಿಗೆ ಬರುತ್ತಾರೆ, “ಹೂಂ” ಅನ್ನುತ್ತಾರೆ, ಹೋಗುತ್ತಾರೆ.

ಏಪ್ರಿಲ್ 19, ಶನಿವಾರ

ಬಾಗಿಲು ಕೂತಿತು. ಫುಟ್‌ಪಾತಿನ ಕಡೆಗೆ. ಎರಡು ತುದಿಯಲ್ಲೂ. ನಾಳೆ ಟ್ರಯಲ್. ಮಾವನನ್ನು ಕರೆದೆ. ಮಂಡಿ ನೋವು ಅಂದರು. ಪರವಾಗಿಲ್ಲ, ನಾಳೆ ನಾನೇ ಓಡಿಸಿದರಾಯಿತು.

ಏಪ್ರಿಲ್ 20, ಭಾನುವಾರ

ಬರೆಯಲು ಮನಸ್ಸಿಲ್ಲ.

ಏಪ್ರಿಲ್ 21, ಸೋಮವಾರ. ಬೆಳಿಗ್ಗೆ

ಸರಿ, ಬರೆಯುತ್ತೇನೆ.

ಹೋಗುವಾಗ ರೇಷ್ಮೆ. ತಿರುವಿನಲ್ಲಿ ಕಂಬ ಒಂದಿಷ್ಟೂ ಅಲ್ಲಾಡಲಿಲ್ಲ. ಎಲ್ಲರೂ ಚಪ್ಪಾಳೆ. ಆ ಚಪ್ಪಾಳೆಯೇ ನನ್ನ ತಲೆಗೇರಿತು. ಕೊನೆ ಮುಟ್ಟಿದ ಖುಷಿಯಲ್ಲಿ ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿಯೇ ಬಿಟ್ಟೆ. ಕಂಬವನ್ನು ತಿರುಗಿಸಲಿಲ್ಲ.

ಕಂಬ ಯಾವತ್ತೂ ಗಾಡಿಯ ಹಿಂದೆ ಎಳೆದುಕೊಂಡು ಬರಬೇಕು. ಕೊನೆ ಮುಟ್ಟಿದಾಗ ಹಗ್ಗ ಹಿಡಿದು ಇನ್ನೊಂದು ಕಡೆಗೆ ತಿರುಗಿಸಿ ತಂತಿಗೆ ಕೂರಿಸಬೇಕು. ಇಲ್ಲವಾದರೆ ಅದು ತಂತಿಯನ್ನು ಎದುರಿನಿಂದ ತಿವಿಯುತ್ತದೆ. ತಿವಿಯಿತು. ತಂತಿಯನ್ನು ಎತ್ತಿ ಹಿಡಿದ ಮೊದಲ ಕೊಕ್ಕೆ ಕಿತ್ತು ಬಂತು, ಎರಡನೆಯದೂ ಬಂತು, ಹಾಲಿನ ಅರ್ಧ ತಂತಿ ಒಣಹಾಕಿದ ಬಟ್ಟೆಯ ಹಗ್ಗ ಹರಿದ ಹಾಗೆ ಕೆಳಗೆ ಬಂತು. ಒಂದು ಎಳೆ ರೂಲ್ಸಿನ ಕನ್ನಡಕಕ್ಕೆ ಸಿಕ್ಕಿಕೊಂಡಿತು. ಯಾರೂ ನಗಲಿಲ್ಲ. ಅದೇ ಜಾಸ್ತಿ ನೋವು.

ರೂಲ್ಸು ಕೊನೆಗೆ ಕರುಣೆ ತೋರಿಸಿದ. ತಂತಿ ನಾನೇ ಕಟ್ಟಿಕೊಡಬೇಕು. ಪ್ರದರ್ಶನದ ದಿನ ಬೆಳಿಗ್ಗೆ, ಜನ ಬರುವ ಮೊದಲು, ಇನ್ನೊಂದೇ ಒಂದು ಅವಕಾಶ.

ಅದೇ ದಿನ, ಸಂಜೆ

ಮಾವ ಇವತ್ತು ಹೊಸ್ತಿಲು ದಾಟಿದರು!

ಕಂಬ ತಿರುಗಿಸಲು ಮರೆತಿದ್ದು ಹೌದಾ ಅಂತ ಕೇಳಿದರು. ಹೌದು ಅಂದೆ. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಕಂಡಕ್ಟರ್ ಯಾರಿದ್ದರು ಅಂದರು. ಯಾರೂ ಇಲ್ಲ, ಒಬ್ಬನೇ ಅಂದೆ.

“ಅಲ್ಲಿಗೆ ಆಯ್ತಲ್ಲ. ಕಂಬ ತಿರುಗ್ಸೋದು ಕಂಡಕ್ಟರ್ ಕೆಲ್ಸ. ಅವನು ತಿರುಗ್ಸಿ ಡಬಲ್ ಬೆಲ್ ಕೊಟ್ಟ ಮೇಲೇನೇ ಡ್ರೈವರ್ ಹ್ಯಾಂಡಲ್ ಮುಟ್ಟೋದು. ಒಬ್ರೇ ಓಡ್ಸೋ ಗಾಡಿ ಅಲ್ಲ ಅದು.”

ಕೈಚಾಚಿ ಬಾಗಿಲಿನ ಹಿಡಿಯನ್ನು ಮುಟ್ಟಿದರು. ತೆರೆದರು, ಮುಚ್ಚಿದರು. ಇಷ್ಟು ಮಾತು ನನ್ನ ಜೊತೆ ಅವರು ಯಾವತ್ತೂ ಒಟ್ಟಿಗೆ ಆಡಿಲ್ಲ. ಭಾನುವಾರ ಬರುತ್ತೀರಾ ಅಂದೆ. ಬಾಗಿಲನ್ನು ಇನ್ನೊಮ್ಮೆ ತೆರೆದು, ಮುಚ್ಚಿ ಹೋದರು.

ಏಪ್ರಿಲ್ 25, ಶುಕ್ರವಾರ

ತಂತಿ ಎಲ್ಲ ಕಟ್ಟಿ ಆಯಿತು. ಬೆರಳೆಲ್ಲ ಗೀರು. ಹಳೆಯದಕ್ಕಿಂತ ಬಿಗಿಯಾಗಿದೆ ಅಂತ ರೂಲ್ಸು ಒಪ್ಪಿದ.

ಇವಳು ಗುಟ್ಟಾಗಿ ಒಂದು ಸುದ್ದಿ ಹೇಳಿದಳು. ಅಪ್ಪ ಮೂರು ದಿನದಿಂದ ಕೋಲು ಬಿಟ್ಟು ಕಿಟಕಿಯ ಹತ್ತಿರ ನಿಲ್ಲುವ ಅಭ್ಯಾಸ ಮಾಡುತ್ತಿದ್ದಾರಂತೆ. ಯಾಕಪ್ಪ ಅಂದರೆ, ಕೋಲು ಹಿಡಿದ ಡ್ರೈವರ್‌ನ ಗಾಡಿಗೆ ಜನ ಹತ್ತುವುದಿಲ್ಲ ಅಂದರಂತೆ.

ಲ್ಯಾಬಿನ ಕೌಂಟರ್ ಮೇಲಿನ ಒತ್ತುವ ಬೆಲ್ಲನ್ನು ಜೇಬಿಗೆ ಹಾಕಿಕೊಂಡು ಬಂದೆ. ಮಾಲೀಕರಿಗೆ ಸೋಮವಾರ ಹೇಳಿದರಾಯಿತು.

ಏಪ್ರಿಲ್ 27, ಭಾನುವಾರ. ಬೆಳಿಗ್ಗೆ 5.40

ಮಾವ ಶೂ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಾರೆ. ನಾನಿನ್ನೂ ಹಲ್ಲುಜ್ಜಿಲ್ಲ.

ಅದೇ ದಿನ, ಸಂಜೆ 7

ಎಲ್ಲಿಂದ ಶುರು ಮಾಡಲಿ... ಆತುರಕ್ಕೆ ಅಕ್ಷರ ಕೋಳಿ ಕಾಲು.

ಕಂಟ್ರೋಲ್ ಪೆಟ್ಟಿಗೆ ಹಾಲಿನ ಈ ತುದಿಯಲ್ಲಿ. ಲ್ಯಾಬಿನಲ್ಲಿ ನಾನೇ ಎರಕ ಹೊಯ್ದ ಹಿತ್ತಾಳೆಯ ಹ್ಯಾಂಡಲ್. ಮಾವ ಅದನ್ನು ಹಿಡಿದು ಒಂದು ಸಲ ತೂಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಾನು ಡ್ರೈವರ್. ನೀನು ಕಂಡಕ್ಟರ್. ಆ ತುದಿ ನಂಗೆ ಕಾಣಲ್ಲ. ನಿನ್ನ ಬೆಲ್ ಮೇಲೇನೇ ನಾನು ಹೊರಡೋದು.”

ಬೆಲ್ ಒತ್ತಿದೆ, ಎರಡು ಸಲ. ಹೊರಟಿತು. ಅಬ್ಬ, ಅದು ಹೊರಟ ರೀತಿ! ನಾನು ಓಡಿಸಿದಾಗ ಜಿಗಿಯುತ್ತಿತ್ತು. ಅವರ ಕೈಯಲ್ಲಿ ನಿದ್ದೆಯಿಂದ ಎದ್ದ ಹಾಗೆ ನಿಧಾನವಾಗಿ ಎದ್ದು ನಡೆಯಿತು. ಪಕ್ಕದಲ್ಲಿ ನಾನು ಬೆಲ್ ಹಿಡಿದು ನಡೆದೆ. ತಿರುವಿನಲ್ಲಿ ಮಾವ ವೇಗ ಇಳಿಸಿದರು, ಯಾರೂ ಹೇಳದೆ.

ಆ ತುದಿ ಮುಟ್ಟಿತು. ಹಗ್ಗ ಹಿಡಿದೆ, ಕಂಬ ತಿರುಗಿಸಿದೆ. ಕಂಬದ ತುದಿಯ ಗಾಲಿ ತಂತಿಗೆ ಕೂರುತ್ತಿಲ್ಲ. ಕೈ ಬೆವತು ಹಗ್ಗ ಜಾರುತ್ತಿದೆ. ಜಾರಿತು, ಮತ್ತೆ ಹಿಡಿದೆ, ಮತ್ತೆ ಜಾರಿತು. ಹೊರಗೆ ಜನ ಸೇರಿದ ಗದ್ದಲ. ಮಾವನ ತುದಿಯಲ್ಲಿ ಏನಾಯಿತು ಅಂತ ಇವಳು ಆಮೇಲೆ ಹೇಳಿದ್ದು. ರೂಲ್ಸು ಗಡಿಯಾರ ನೋಡಿ, ಕಂಬ ತಿರುಗಿಸಿದ್ದು ನನಗೆ ಕಾಣಿಸಿತು, ಹೊರಡಿ ಸಾರ್, ಬಾಗಿಲು ತೆಗೆಯುವ ಹೊತ್ತಾಯಿತು ಅಂದನಂತೆ. ಒಂದಲ್ಲ, ಮೂರು ಸಲ. ಮಾವ ಅಲ್ಲಾಡಲಿಲ್ಲವಂತೆ. ಇವಳು ಕುರ್ಚಿ ತಂದರೂ ಕೂರಲಿಲ್ಲವಂತೆ.

“ನನ್ನ ಕಂಡಕ್ಟರ್ ಇನ್ನೂ ಬೆಲ್ ಕೊಟ್ಟಿಲ್ಲ” ಅಂದರಂತೆ.

ಗಾಲಿ ಕೂತಿತು. ಟಿಂಗ್ ಟಿಂಗ್. ಆ ಕ್ಷಣವೇ ಗಾಡಿ ಹೊರಟಿತು, ಅರೆಗಳಿಗೆಯೂ ತಡವಿಲ್ಲ.

ಈ ತುದಿಗೆ ಬಂದು ನಿಂತಿತು, ಕಂಬ ತಂತಿ ಬಿಡದೆ. ಆಮೇಲೆ ಇಡೀ ದಿನ ಓಡಿತು, ಜನರ ಮಧ್ಯೆ. ಮಾವ ಕೂತಿದ್ದು ಊಟಕ್ಕೆ ಮಾತ್ರ. ಮನೆಗೆ ಬರುವಾಗ ಕಾರಿನಲ್ಲಿ ಕಾದೆ. ‘ಪರವಾಗಿಲ್ಲ’ ಅನ್ನುತ್ತಾರೆ ಅಂತ. ಅನ್ನಲಿಲ್ಲ. ಬೆಲ್ ತಡವಾಯಿತು, ಹಗ್ಗ ಹಿಡಿಯುವ ಮುಂಚೆ ಕೈ ಒರೆಸಿಕೊಳ್ಳಬೇಕು ಅಂದರು. ಇವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಅತ್ತಿದ್ದೆ. ಮುಚ್ಚಿಡುವುದೇನಿದೆ.

ಮೇ 4, ಭಾನುವಾರ. ಬೆಳಿಗ್ಗೆ 7

ವಾರವಿಡೀ ಬರೆಯಲಿಲ್ಲ. ಗ್ಯಾರೇಜಿನಿಂದ ಹಿತ್ತಲ ಗೋಡೆಯವರೆಗೆ ಹಳಿ ಹಾಕಿದ್ದೇವೆ. ತಂತಿಯ ಕಂಬಗಳಿಗೆ ಮಾವ ನಿಂತು ಜಾಗ ತೋರಿಸಿದರು. ಇವಳು ಬಟ್ಟೆ ಒಣಹಾಕುವ ಜಾಗ ಹೋಯಿತು, ಆ ಜಗಳ ಬೇರೆ ಇದೆ. ಲ್ಯಾಬಿಗೆ ಬೇರೆ ಬೆಲ್ ತಂದುಕೊಟ್ಟೆ. ಇದನ್ನು ಕೊಡಲು ಮನಸ್ಸು ಬರಲಿಲ್ಲ.

ಇನ್ನು ಮುಂದೆ ಮಾಡಬೇಕಾದ್ದು: ಎರಡನೇ ಗಾಡಿಗೆ

ಕೆಳಗಿಂದ ಮಾವನ ಕೂಗು. “ಕಂಡಕ್ಟ್ರೇ” ಅಂತೆ. ಗಾಡಿ ಗೋಡೆ ಮುಟ್ಟಿ ನಿಂತಿದೆ. ಇವಳು ಅಲ್ಲೇ ಪಕ್ಕದಲ್ಲಿದ್ದಾಳೆ, ಕಂಬ ತಿರುಗಿಸಲು ಬರುತ್ತದೆ ಅವಳಿಗೆ. ಅವಳ ಬೆಲ್ಲಿಗೆ ಹೊರಡುವುದಿಲ್ಲವಂತೆ. ಕಾಯುತ್ತಾರಂತೆ. ಕೈ ಒರೆಸಿಕೊಂಡು ಬರಬೇಕಂತೆ. ಬಂದೆ ಮಾವ, ಬಂ